ಗುಳ್ಳೆ ಬಿಟ್ಟ ಮೇಲೆ ಮೊದಲ 60 ಸೆಕೆಂಡು

ಸಿರೋಸಿಸ್ (ಲಿವರ್ ಹಾಳಾಗಿ ಗಟ್ಟಿಯಾಗುವ ಕಾಯಿಲೆ) ಇರುವವರ ಲಿವರ್‌ನಲ್ಲಿ ಗಂಟು ಕಂಡರೆ ಎಲ್ಲರ ಬಾಯಲ್ಲೂ ಮೊದಲು ಬರುವುದು ಎಚ್‌ಸಿಸಿ, ಅಂದರೆ ಲಿವರ್‌ನ ಜೀವಕೋಶಗಳಲ್ಲೇ ಹುಟ್ಟುವ ಕ್ಯಾನ್ಸರ್. ಬಹಳ ಸಲ ಅದು ನಿಜವೂ ಆಗಿರುತ್ತದೆ. ನಾನು ಎಡವಿದ್ದು ಅಲ್ಲೇ.

ಕೆಲವು ವರ್ಷಗಳ ಹಿಂದಿನ ಮಾತು. ಬೆಂಗಳೂರಿನಲ್ಲಿ ನಾನು ಕಾಂಟ್ರಾಸ್ಟ್ ಅಲ್ಟ್ರಾಸೌಂಡ್ (ರಕ್ತಕ್ಕೆ ಗ್ಯಾಸ್ ಗುಳ್ಳೆ ಬಿಟ್ಟು ನೋಡುವ ಸ್ಕ್ಯಾನ್) ಮಾಡಲು ಆಗಷ್ಟೇ ಶುರು ಮಾಡಿದ್ದೆ. ಒಬ್ಬರ ಗಂಟು ಕಾಂಟ್ರಾಸ್ಟ್ ಬಂದ ಕೂಡಲೇ ಝಗ್ಗನೆ ಹೊಳೆಯಿತು. ಸಿಕ್ಕಿತಲ್ಲ ಅಂದುಕೊಂಡು, ಇನ್ನೊಂದು ಗಂಟೇನಾದರೂ ಇದೆಯಾ ಅಂತ ಪ್ರೋಬನ್ನು ಎಡಗಡೆಗೆ ಸರಿಸಿದೆ. ವಾಪಸ್ ಬಂದಾಗ ಎರಡು ನಿಮಿಷ ದಾಟಿತ್ತು, ಗಂಟು ಕಪ್ಪಾಗಿತ್ತು. ಮೊದಲು ಹೊಳೆದಿದೆ, ಆಮೇಲೆ ಕಪ್ಪಾಗಿದೆ, ಸರಿ, ಎಚ್‌ಸಿಸಿ ಎಂದು ಬರೆದೆ. ಬಯಾಪ್ಸಿಯಲ್ಲಿ ಬಂದದ್ದು ಕೊಲಾಂಜಿಯೊಕಾರ್ಸಿನೋಮ, ಅಂದರೆ ಪಿತ್ತನಾಳದ ಕ್ಯಾನ್ಸರ್. ಕ್ಲಿಪ್ ತೆಗೆದು ನೋಡಿದೆ. 38ನೇ ಸೆಕೆಂಡಿಗೇ ಒಂದು ಮೂಲೆ ಕಪ್ಪಾಗತೊಡಗಿತ್ತು. ನಾನು ಪ್ರೋಬ್ ಸರಿಸಿದ್ದು 41ಕ್ಕೆ!

ಇದು ಬರೀ ಹೆಸರಿನ ಜಗಳ ಅಲ್ಲ. ಚಿಕ್ಕ ಎಚ್‌ಸಿಸಿ ಆದರೆ ಸೂಜಿ ಹಾಕಿ ಸುಡಬಹುದು, ಲಿವರ್ ಕಸಿಗೂ ಯೋಚಿಸಬಹುದು. ಕೊಲಾಂಜಿಯೊ ಆದರೆ ದಾರಿಯೇ ಬೇರೆ. ಮೇಲಾಗಿ ಎಚ್‌ಸಿಸಿಗೆ ಚಿತ್ರ ಸ್ಪಷ್ಟವಾಗಿದ್ದರೆ ಬಯಾಪ್ಸಿಯನ್ನೇ ಬಿಡುತ್ತಾರೆ. ಆಗ ನನ್ನ ರಿಪೋರ್ಟೇ ಕೊನೆಯ ಮಾತು.

ಈಚೆಗೆ ಬಂದ ಒಬ್ಬರ ವಿಷಯ ಹೇಳುತ್ತೇನೆ. ಅಂಗಡಿ ವ್ಯಾಪಾರದವರು, ಕುಡಿತವಿಲ್ಲ, ಹಳೇ ಶುಗರ್, ಫ್ಯಾಟಿ ಲಿವರ್‌ನಿಂದ ಸಿರೋಸಿಸ್. ಬಲಭಾಗದಲ್ಲಿ 2.3 ಸೆಂಟಿಮೀಟರ್ ಗಂಟು. ಎಎಫ್‌ಪಿ (ಎಚ್‌ಸಿಸಿಯಲ್ಲಿ ಏರಬಹುದಾದ ರಕ್ತ ಪರೀಕ್ಷೆ) ನಾರ್ಮಲ್, ಆದರೆ ಅಷ್ಟಕ್ಕೇ ಎಚ್‌ಸಿಸಿ ಅಲ್ಲ ಅನ್ನೋಕಾಗಲ್ಲ. ಸಿಟಿಯಲ್ಲಿ ಮೊದಲು ಸ್ವಲ್ಪ ಹೊಳೆದು, ತಡವಾಗಿ ತೆಗೆದ ಚಿತ್ರದಲ್ಲಿ ಇನ್ನೂ ಬೆಳ್ಳಗಾಗಿತ್ತು. ಎಂಆರ್‌ಐನಲ್ಲಿ ಉಸಿರು ಹಿಡಿಯಲು ಆಗಲಿಲ್ಲ, ಮುಖ್ಯವಾದ ಚಿತ್ರಗಳೇ ಕದಡಿಹೋಗಿದ್ದವು. ಹೆಪಟಾಲಜಿಸ್ಟ್ (ಲಿವರ್ ವೈದ್ಯರು) ನನ್ನ ಹತ್ತಿರ ಕಳಿಸಿದರು.

'ಮತ್ತೆ ಬಣ್ಣದ ಇಂಜೆಕ್ಷನ್ನಾ ಮೇಡಂ? ಕಿಡ್ನಿಗೆ ಏನಾದರೂ ಆದರೆ?' ಅಂದರು.

'ಇದು ಬಣ್ಣ ಅಲ್ಲ ಸರ್, ಗ್ಯಾಸ್ ತುಂಬಿದ ಗುಳ್ಳೆ. ಉಸಿರಿನಲ್ಲೇ ಹೊರಗೆ ಹೋಗುತ್ತೆ, ಕಿಡ್ನಿಗೆ ಕೆಲಸ ಇಲ್ಲ.'

'ಸೋಡಾ ಥರಾನಾ?'

ಹೆಚ್ಚುಕಡಿಮೆ ಹಾಗೇ. ನಾವು ಕೊಡುವ ಕಾಂಟ್ರಾಸ್ಟ್ ಸೋನೋವ್ಯೂನಲ್ಲಿರುವುದು ಸಲ್ಫರ್ ಹೆಕ್ಸಾಫ್ಲೋರೈಡ್. ಗುಳ್ಳೆಯ ಸರಾಸರಿ ಗಾತ್ರ 2.5 ಮೈಕ್ರಾನ್, ಕೆಂಪು ರಕ್ತಕಣಕ್ಕಿಂತ ಚಿಕ್ಕದು. ಆದರೂ ರಕ್ತನಾಳ ಬಿಟ್ಟು ಹೊರಗೆ ಸೋರುವುದಿಲ್ಲ. ಇಡೀ ಆಟ ಇರುವುದು ಇದರಲ್ಲೇ. ಸಿಟಿಯ ಡೈ ನಾಳದಿಂದ ಸೋರಿ, ಕೊಲಾಂಜಿಯೊದ ನಾರುನಾರಾದ ಭಾಗದಲ್ಲಿ ಕೂತುಬಿಡುತ್ತದೆ. ಅದಕ್ಕೇ ಅಲ್ಲಿ ಗಂಟು ತಡವಾಗಿ ಬೆಳ್ಳಗಾಗುತ್ತದೆ. ಗುಳ್ಳೆ ಮಾತ್ರ ರಕ್ತದ ಜೊತೆ ಬಂದು ರಕ್ತದ ಜೊತೆಗೇ ಹೋಗುತ್ತದೆ. ಹಾಗಾಗಿ ಅದೇ ಗಂಟು ನಮ್ಮ ಪರದೆಯ ಮೇಲೆ ಬೇಗ ಕಪ್ಪಾಗುತ್ತದೆ. ಎರಡು ಪರೀಕ್ಷೆ ಒಂದಕ್ಕೊಂದು ವಿರುದ್ಧ ಹೇಳಿದರೆ ಯಾವುದೋ ಒಂದು ತಪ್ಪು ಅಂತ ಮೊದಲು ಅಂದುಕೊಳ್ಳುತ್ತಿದ್ದೆ. ಈಗ ಆ ಜಗಳವೇ ನನಗೆ ಸುಳಿವು.

ತಯಾರಿ ದೊಡ್ಡದೇನಲ್ಲ. ಎಡಗೈಗೆ 20 ಗೇಜ್ ವೆನ್‌ಫ್ಲಾನ್ (ರಕ್ತನಾಳಕ್ಕೆ ಹಾಕುವ ಸೂಜಿನಳಿಕೆ). ಸೂಜಿ ತೀರಾ ಸಣ್ಣದಾದರೆ ಗುಳ್ಳೆ ಅಲ್ಲೇ ಒಡೆಯುತ್ತವೆ. ಅದಕ್ಕೆ ಜೋಡಿಸುವ ಮೂರು ದಾರಿಯ ತ್ರೀ-ವೇನಲ್ಲಿ ಕಾಂಟ್ರಾಸ್ಟ್ ನೇರ ದಾರಿಯಲ್ಲಿ, ಸಲೈನ್ ಪಕ್ಕದ ದಾರಿಯಲ್ಲಿ. ಗುಳ್ಳೆ ಒಡೆಯದಂತೆ ಯಂತ್ರದ ಮೆಕ್ಯಾನಿಕಲ್ ಇಂಡೆಕ್ಸ್ (ಶಬ್ದದ ಅಲೆಯ ಜೋರು) ಕೆಳಗಿಳಿಸಿ, 2.4 ಮಿಲಿ ಕೊಟ್ಟು, ಹಿಂದೆಯೇ ಸಲೈನ್ ದೂಡುತ್ತೇವೆ. ಟೈಮರ್ ಒತ್ತುವುದು ಸಿಸ್ಟರ್ ಕೆಲಸ. ಮೊದಲ 60 ಸೆಕೆಂಡು ನಾನು ಗಂಟು ಬಿಟ್ಟು ಕದಲುವುದಿಲ್ಲ, ಕ್ಲಿಪ್ ಪೂರ್ತಿ ರೆಕಾರ್ಡ್ ಆಗುತ್ತದೆ. ಆಮೇಲೆ ಪ್ರೋಬ್ ಎತ್ತಿ, ಸುಮಾರು ಅರ್ಧ ನಿಮಿಷಕ್ಕೊಮ್ಮೆ ಮಾತ್ರ ಇಣುಕುತ್ತೇನೆ. ಸುಮ್ನೆ ಒತ್ತಿಕೊಂಡೇ ಕೂತರೆ ಗುಳ್ಳೆ ಒಡೆದು, ಇಲ್ಲದ ಕಪ್ಪು ಕಾಣುತ್ತದೆ.

ಎಚ್‌ಸಿಸಿ ಸಾಮಾನ್ಯವಾಗಿ ಒಂದೇ ಸಮನೆ ಹೊಳೆದು, 60 ಸೆಕೆಂಡು ಕಳೆದ ಮೇಲೆ ನಿಧಾನವಾಗಿ ಬೂದಿ ಬಣ್ಣಕ್ಕೆ ಇಳಿಯುತ್ತದೆ. ಕೆಲವು ಮೂರು, ನಾಲ್ಕು ನಿಮಿಷ ಕಾಯಿಸುತ್ತವೆ. ಅದಕ್ಕೇ ಐದು ನಿಮಿಷದ ತನಕ ತಾಳ್ಮೆ ಬೇಕು. ಇವರ ಗಂಟು ಹಾಗಿರಲಿಲ್ಲ. 14ನೇ ಸೆಕೆಂಡಿಗೆ ಅಂಚು ಮಾತ್ರ ಬಳೆಯ ಹಾಗೆ ಹೊಳೆಯಿತು. 42ಕ್ಕೆ ಕಪ್ಪಾಗಲು ಶುರು. ಎರಡು ನಿಮಿಷಕ್ಕೆ ಲಿವರ್‌ನಲ್ಲಿ ತೂತು ಕೊರೆದ ಹಾಗೆ ಗಾಢ ಕಪ್ಪು.

ಗಂಟು ಕಪ್ಪಾಯಿತಾ ಅನ್ನುವುದಷ್ಟೇ ಸಾಲದು. ಯಾವಾಗ ಆಯಿತು, ಎಷ್ಟು ಆಯಿತು ಅನ್ನುವುದೇ ಜಾಸ್ತಿ ಮುಖ್ಯ. ನಾನು ಮಾಡಿದ ತಪ್ಪು ನನ್ನೊಬ್ಬಳದೇ ಅಲ್ಲ ಅನ್ನುವುದು ಒಂದು ಸಮಾಧಾನ. 2010ರಲ್ಲಿ ಬಾರ್ಸಿಲೋನಾದ ವೈದ್ಯರು, ಸಿರೋಸಿಸ್ ಲಿವರ್‌ನ ಕೊಲಾಂಜಿಯೊ ಕೆಲವೊಮ್ಮೆ ಈ ಪರೀಕ್ಷೆಯಲ್ಲಿ ಎಚ್‌ಸಿಸಿಯಂತೆಯೇ ಕಾಣುತ್ತದೆ ಎಂದು ತೋರಿಸಿದ್ದರು. ಆಮೇಲೆ ಅಮೆರಿಕದ ಲಿವರ್ ತಜ್ಞರ ಮಾರ್ಗಸೂಚಿ ಈ ಪರೀಕ್ಷೆಯನ್ನೇ ಪಕ್ಕಕ್ಕಿಟ್ಟಿತು. ನಾವೀಗ ಅನುಸರಿಸುವ 2017ರ ಲೈ-ರಾಡ್ಸ್ (ಲಿವರ್ ಗಂಟಿನ ರಿಪೋರ್ಟ್ ಬರೆಯುವ ಪದ್ಧತಿ) ನಿಯಮ 60 ಸೆಕೆಂಡಿನ ಗೆರೆ ಎಳೆದದ್ದು ಈ ಗೊಂದಲಕ್ಕೇ ಅಲ್ವಾ?

ರಿಪೋರ್ಟಿನಲ್ಲಿ ನಾನು 'ಕೊಲಾಂಜಿಯೊ' ಎಂದು ಬರೆಯಲಿಲ್ಲ. ಲೈ-ರಾಡ್ಸ್ ಪ್ರಕಾರ ಎಲ್‌ಆರ್-ಎಂ ಎಂದು ಬರೆದೆ. ಕ್ಯಾನ್ಸರ್ ಆಗಿರಬಹುದು, ಎಚ್‌ಸಿಸಿಯೇ ಎಂದು ಹೇಳಲಾಗದು, ಬಯಾಪ್ಸಿ ಮಾಡಿ ಎಂದರ್ಥ. ಜೋರಾಗಿ ಬೆಳೆಯುವ ಎಚ್‌ಸಿಸಿ ಕೂಡ ಹೀಗೆ ಬೇಗ ಕಪ್ಪಾಗುವುದುಂಟು. ಇಡೀ ಲಿವರ್‌ನಲ್ಲಿ ಇನ್ನೇನಿದೆ, ಬೇರೆಡೆ ಹರಡಿದೆಯಾ ಅಂತ ಹೇಳಲು ನನ್ನ ಪ್ರೋಬ್‌ನಿಂದ ಆಗದು, ಅದಕ್ಕೆ ಸಿಟಿಯೇ ಬೇಕು.

ರಕ್ತ ಸರಿಯಾಗಿ ಹೆಪ್ಪುಗಟ್ಟುತ್ತದಾ ಅಂತ ಪ್ಲೇಟ್‌ಲೆಟ್, ಐಎನ್‌ಆರ್ ನೋಡಿಕೊಂಡು ಮರುವಾರ ನಾನೇ ಬಯಾಪ್ಸಿಗೆ ಸೂಜಿ ಹಾಕಿದೆ. ಪೆಥಾಲಜಿಯಿಂದ ಫೋನ್ ಬಂತು: ಕೊಲಾಂಜಿಯೊಕಾರ್ಸಿನೋಮ. ಅವರ ಹೆಸರು ಸುಡುವ ಪಟ್ಟಿಯಿಂದ ಸರ್ಜನ್ ಪಟ್ಟಿಗೆ ಹೋಯಿತು.