ಕಿವಿ ನಾಲ್ಕನೇ ಇಯತ್ತೆ, ಕಣ್ಣು ಒಂದನೇ ಇಯತ್ತೆ: ಮನೆಯಲ್ಲೇ ಓದಿನ ಮಟ್ಟ ಅಳೆದ ನನ್ನ ಅನುಭವ

ಒಂದು ಪುಟ ಓದಿಸಿ ನೋಡಿ ಮಗುವಿನ ಇಯತ್ತೆ ತೀರ್ಮಾನ ಮಾಡಬೇಡಿ, ಕೇಳಿದ್ದು ಎಷ್ಟು ತಿಳಿಯುತ್ತದೆ (ಕಿವಿ), ತಾನೇ ಎಷ್ಟು ಓದುತ್ತದೆ (ಕಣ್ಣು) ಅಂತ ಎರಡನ್ನೂ ಬೇರೆಬೇರೆ ಅಳೆಯಿರಿ ಅಂತ ನಾನು ಮೊದಲಿನಿಂದಲೂ ಹೇಳುತ್ತಾ ಬಂದಿದ್ದೆ. ಹಳೇ ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ಟ್ಯೂಷನ್ ಹೇಳುವವರೇ ನಕ್ಕಿದ್ದರು. "ಓದಾಕ ಬಂದ್ರ ಬಂತು, ಇಲ್ಲಂದ್ರ ಇಲ್ಲ. ಅದಕ್ಕೆಂಥಾ ಅಳತಿ ಅಕ್ಕೋರ?" ಅಂದಿದ್ದರು. ಕಳೆದ ವರ್ಷ ನನ್ನ ಅಕ್ಕನ ಮಗಳ ವಿಷಯದಲ್ಲಿ ನನ್ನ ಅಳತೆ ಸರಿಯಾಗಿ ಬಂತು. ಈಗ ಅವರೇ ತಮ್ಮ ಹತ್ತಿರ ಬರುವ ಮಕ್ಕಳನ್ನು ನನ್ನ ಕಡೆ ಕಳಿಸುತ್ತಾರೆ. ಪ್ರತಿಯೊಬ್ಬರಿಗೂ ಬಾಯಲ್ಲಿ ಹೇಳುವುದಕ್ಕಿಂತ ಬರೆದಿಡೋಣ ಅನ್ನಿಸಿತು.

ಅಕ್ಕ, ಭಾವ ಕಟ್ಟಡ ಕೆಲಸಕ್ಕೆ ಗೋವಾಕ್ಕೆ ಹೋದವರು. ಹುಡುಗಿ ಅಲ್ಲಿ ಎರಡು ವರ್ಷ ಮರಾಠಿ ಶಾಲೆಗೆ ಹೋದಳು. ತಮ್ಮ ಹುಟ್ಟಿದ ಮೇಲೆ ಶಾಲೆ ಬಿಟ್ಟು ಹೆಚ್ಚುಕಡಿಮೆ ಒಂದೂವರೆ ವರ್ಷ ಅವನನ್ನು ಎತ್ತಿಕೊಂಡು ಕೂತಳು. ಊರಿಗೆ ವಾಪಸ್ ಬಂದಾಗ ಅವಳಿಗೆ ಒಂಬತ್ತು ತುಂಬಿತ್ತು. ವಯಸ್ಸಿನ ಲೆಕ್ಕದಲ್ಲಿ ನಾಲ್ಕನೇ ಇಯತ್ತೆ. ಇಲ್ಲಿ ಸೇರಿಸಲಿಕ್ಕೆ ಮೊದಲು ಹೋದ ಶಾಲೆಯಲ್ಲಿ ನಾಲ್ಕನೇ ಇಯತ್ತೆಯ ಪುಸ್ತಕ ಮುಂದಿಟ್ಟರು. ಒಂದು ಸಾಲೂ ಓದಲಿಲ್ಲ. "ಎರಡನೇ ಇಯತ್ತೆಗೆ ಹಾಕ್ರಿ, ಅಲ್ಲಿಂದ ಕಲೀಲಿ" ಅಂದುಬಿಟ್ಟರು. ಬೀಗರು, ಬಂಧುಗಳು ಎಲ್ಲ ಹೂಂ ಅಂದರು. ನಾನು ಮಾತ್ರ ಒಂದು ವಾರ ತಡೀರಿ ಅಂದೆ.

ಆ ವಾರ ಶುರುವಾಗಿದ್ದು ದುಡ್ಡು ದಂಡವಾಗುವುದರಿಂದ. ಭಾವ ಯಾರೋ ಹೇಳಿದರು ಅಂತ ಒಂದು ಖಾಸಗಿ ಸೆಂಟರ್‌ಗೆ ಕರೆದುಕೊಂಡು ಹೋದರು. ಎರಡೂವರೆ ಸಾವಿರದ ಹತ್ತಿರ ತೆಗೆದುಕೊಂಡರು. ಇಂಗ್ಲಿಷ್ ಪ್ರಶ್ನೆಪತ್ರಿಕೆಯನ್ನೇ ಕನ್ನಡಕ್ಕೆ ತಿರುಗಿಸಿದ ಪರೀಕ್ಷೆ ಅದು. ಬಣ್ಣಬಣ್ಣದ ವರದಿ ಕೊಟ್ಟರು. ಅದರಲ್ಲಿದ್ದದ್ದು "ಓದಿನಲ್ಲಿ ಹಿಂದಿದ್ದಾಳೆ" ಅಂತ ಅಷ್ಟೇ. ಅದು ನಮಗೆ ಗೊತ್ತೇ ಇತ್ತಲ್ಲ! ಆಮೇಲೆ ಮಗು ಓದಿದ್ದನ್ನು ಕೇಳಿ ಅಂಕ ಕೊಡುವ ಒಂದು ಆ್ಯಪ್‌ಗೆ ಸಾವಿರದ ಮೇಲೆ ಹೋಯಿತು. ನಮ್ಮ ಕಡೆಯ ಮಾತು ಅದಕ್ಕೆ ತಿಳಿಯುವುದೇ ಇಲ್ಲ. ಚೆನ್ನಾಗಿ ಓದುವ ಪಕ್ಕದ ಮನೆಯ ಹುಡುಗನಿಗೂ ಅರ್ಧಕ್ಕಿಂತ ಕಡಿಮೆ ಅಂಕ ಕೊಟ್ಟಿತು.

ಅಸರ್ ಹಾಳೆ ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. ಮಕ್ಕಳಿಗೆ ಓದು, ಲೆಕ್ಕ ಎಷ್ಟು ಬರುತ್ತದೆ ಅಂತ ನೋಡುವ ಅಸರ್ ಸಮೀಕ್ಷೆಗೆ ಪ್ರಥಮ್ ಅನ್ನುವ ಸಂಸ್ಥೆಯವರು 2005ರಿಂದ ಹಳ್ಳಿಹಳ್ಳಿಗೆ ತಿರುಗಿ ಬಳಸುತ್ತಿರುವ ಹಾಳೆ. ಅಕ್ಷರ, ಪದ, ಒಂದನೇ ಇಯತ್ತೆಯ ಪ್ಯಾರಾ, ಎರಡನೇ ಇಯತ್ತೆಯ ಕಥೆ. ಪುಕ್ಕಟೆ ಸಿಗುತ್ತದೆ. ಪ್ಯಾರಾದಿಂದ ಶುರು ಮಾಡಬೇಕು, ಓದಿದರೆ ಮೇಲೆ, ಓದದಿದ್ದರೆ ಕೆಳಗೆ. ನಾನೂ ಅಲ್ಲಿಂದಲೇ ಶುರು ಮಾಡುತ್ತೇನೆ. ಆದರೆ ಅದರ ಮೇಲಿನ ಮಟ್ಟವೇ ಎರಡನೇ ಇಯತ್ತೆ. ಮೂರನೇದೋ ಐದನೇದೋ ಅಂತ ಅದು ಹೇಳುವುದಿಲ್ಲ. ಅದನ್ನು ಮಾಡಿದ್ದು ಇಡೀ ಜಿಲ್ಲೆಯ ಚಿತ್ರ ನೋಡುವುದಕ್ಕೆ, ಒಂದು ಮಗುವಿನ ಇಯತ್ತೆ ತೀರ್ಮಾನಿಸಲಿಕ್ಕಲ್ಲ. ಹುಡುಗಿ ಕನ್ನಡ ಹಾಳೆಯಲ್ಲಿ ಅಕ್ಷರದ ಮಟ್ಟಕ್ಕೇ ನಿಂತಳು. ಐದರಲ್ಲಿ ನಾಲ್ಕು ಅಕ್ಷರ ಸರಿ, ಪದ ಒಂದೋ ಎರಡೋ.

ಆಗ ಅದೇ ಅಸರ್‌ನ ಮರಾಠಿ ಹಾಳೆ ತೆಗೆದು ಮುಂದಿಟ್ಟೆ. ಪ್ಯಾರಾ ಸರಾಗ ಓದಿದಳು. ಕಥೆಯಲ್ಲಿ ಎರಡು ಕಡೆ ತಡವರಿಸಿದಳು, ಅಷ್ಟೇ. ಒಂದೂವರೆ ವರ್ಷ ಪುಸ್ತಕ ಮುಟ್ಟದ ಹುಡುಗಿ! ಅಂದರೆ ಓದುವುದು ಹೇಗೆ ಅಂತ ಅವಳಿಗೆ ಗೊತ್ತು, ಕನ್ನಡ ಲಿಪಿ ಮಾತ್ರ ಗೊತ್ತಿಲ್ಲ. ಓದಲಿಕ್ಕೇ ಬಾರದ ಮಗುವಿಗೂ ಇನ್ನೊಂದು ಲಿಪಿಯಲ್ಲಿ ಓದುವ ಮಗುವಿಗೂ ಅಜಗಜಾಂತರ. ಗೋವಾ, ಪುಣೆ ಕಡೆಯಿಂದ ಬಂದ ಮಕ್ಕಳನ್ನು ನೋಡುವವರು ದಯವಿಟ್ಟು ಇದೊಂದು ಮಾಡಿ. ಖರ್ಚು ಎರಡು ರೂಪಾಯಿಯ ಝೆರಾಕ್ಸ್.

ಮುಂದಿನದು ಕಿವಿಯ ಪರೀಕ್ಷೆ. ನನ್ನ ಪದ್ಧತಿಯ ಜೀವ ಇರುವುದೇ ಇದರಲ್ಲಿ. ನಾಲ್ಕನೇ ಇಯತ್ತೆ ಮಟ್ಟದ ಒಂದು ಕಥೆ ನಾನೇ ಬರೆದಿಟ್ಟಿದ್ದೇನೆ. ಒಬ್ಬ ರೈತ ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಒಯ್ಯುತ್ತಾನೆ. ಮಧ್ಯಾಹ್ನ ಮೋಡ ಕಟ್ಟುತ್ತದೆ. ಅವನು ಕಡಿಮೆ ರೇಟಿಗೇ ಕೊಟ್ಟು ಎದ್ದು ಬರುತ್ತಾನೆ. ಯಾಕೆ ಅಂತ ಕಥೆಯಲ್ಲಿ ಬರೆದಿಲ್ಲ. ನಾನು ಓದಿ ಹೇಳಿದೆ, ಹುಡುಗಿ ಕೇಳಿದಳು. ಕೂಡಲೇ ಪ್ರಶ್ನೆ ಕೇಳಲಿಲ್ಲ. ನನ್ನ ಸಣ್ಣ ಮಗನಿಗೆ ಆ ಕಥೆ ಹೇಳು ಅಂದೆ. ಒಂದು ಸಂಗತಿಯೂ ಹಿಂದೆಮುಂದೆ ಆಗದ ಹಾಗೆ ಹೇಳಿದಳು. ಕೊನೆಗೆ, ಅವನು ಯಾಕೆ ಕಡಿಮೆಗೆ ಕೊಟ್ಟ ಅಂದೆ. "ಮಳಿ ಬಂದ್ರ ಕಾಯಿ ತೊಯ್ದು ಕರ್ರಗಾಗ್ತಾವ ಚಿಗವ್ವ, ಆಮ್ಯಾಲ ಯಾರೂ ಕೇಳೂದಿಲ್ಲ. ಅದಕ್ಕ ಲಗೂನ ಕೊಟ್ಟ." ಬರೆಯದೇ ಬಿಟ್ಟದ್ದನ್ನು ಹಿಡಿದಳು ನೋಡಿ, ನಾಲ್ಕನೇ ಇಯತ್ತೆಯ ತಿಳಿವಳಿಕೆ ಅಂದರೆ ಇದೇ.

ನನ್ನ ಪ್ರಕಾರ, ಯಾವ ಇಯತ್ತೆಯಲ್ಲಿ ಕೂರಬೇಕು ಅನ್ನುವುದನ್ನು ಕಿವಿ ಹೇಳಬೇಕು. ಮನೆಯಲ್ಲಿ ಸಂಜೆ ಏನು ಕಲಿಸಬೇಕು ಅನ್ನುವುದನ್ನು ಕಣ್ಣು ಹೇಳಬೇಕು. ಶಾಲೆಯವರು ಕಣ್ಣಿನ ಮಟ್ಟ ನೋಡಿ ಕೂರಿಸುತ್ತಾರೆ, ಅಲ್ಲೇ ಎಡವಟ್ಟಾಗುವುದು. ಒಂಬತ್ತು ವರ್ಷದ ತಲೆಗೆ ಏಳು ವರ್ಷದ ಪಾಠ ಕೊಟ್ಟರೆ ಆ ಮಗು ಓದನ್ನೂ ಬಿಡುತ್ತದೆ, ಶಾಲೆಯನ್ನೂ ಬಿಡುತ್ತದೆ.

ಕಣ್ಣಿನ ಪರೀಕ್ಷೆಗೆ ಬರೋಣ. ಅಕ್ಷರದ ಚೀಟಿಯನ್ನು ಅ ಆ ಇ ಈ ಕ್ರಮದಲ್ಲಿ ಇಡಬೇಡಿ, ಹಾಡಿಬಿಡುತ್ತಾರೆ. ಸರ್ಕಾರಿ ಶಾಲೆಯ ನಲಿಕಲಿ ಪದ್ಧತಿಯಲ್ಲಿ ಕಲಿತ ಮಕ್ಕಳಿಗೆ ರ ಗ ಸ ದ ಅ ಕ್ರಮದಲ್ಲೂ ಇಡಬೇಡಿ, ಅದೂ ಬಾಯಿಪಾಠ. ಪಠ್ಯಪುಸ್ತಕ ಅಂತೂ ಬೇಡವೇ ಬೇಡ. ಚಿತ್ರ ನೋಡಿ ಪಾಠ ಒಪ್ಪಿಸುವ ಮಕ್ಕಳು ಎಷ್ಟೋ. ಅರ್ಥವೇ ಇಲ್ಲದ ಪದಗಳ ಒಂದು ಚೀಟಿ ನನ್ನ ಹತ್ತಿರ ಇದೆ. ಬಾಯಿಪಾಠದವರು ಅಲ್ಲಿ ಸಿಕ್ಕಿಬೀಳುತ್ತಾರೆ. ಆ ಪದಗಳನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅದನ್ನೂ ಕಲಿಸಿ ಕಳಿಸುತ್ತಾರೆ, ಆಮೇಲೆ ಚೀಟಿ ಕೆಲಸಕ್ಕೆ ಬರುವುದಿಲ್ಲ. ನೀವೇ ಮಾಡಿಕೊಳ್ಳಿ, ಕಷ್ಟವೇನಿಲ್ಲ.

ವೇಗ ಅಳೆಯುವಾಗ ಪದ ಎಣಿಸಬೇಡಿ, ಅಕ್ಷರ ಎಣಿಸಿ. ಸಣ್ಣ ಮಕ್ಕಳಿಗೆ ಓದು, ಲೆಕ್ಕ ಬರಿಸಲಿಕ್ಕೆ ಕೇಂದ್ರ ಸರ್ಕಾರ 2021ರಲ್ಲಿ ತಂದ ನಿಪುಣ್ ಭಾರತ್ ಯೋಜನೆಯ ಗುರಿಯಲ್ಲಿ ಮೂರನೇ ಇಯತ್ತೆಯ ಮಗು ನಿಮಿಷಕ್ಕೆ 60 ಪದ ಓದಬೇಕು ಅಂತಿದೆ. ಯಾವ 60 ಪದ? ಮರ, ಮನೆ ಅಂದರೂ ಒಂದು ಪದ. ಹೋಗಬೇಕಾಗಿತ್ತು ಅಂದರೂ ಒಂದೇ ಪದ. ಒಂದರಲ್ಲಿ ಎರಡು ಅಕ್ಷರ, ಇನ್ನೊಂದರಲ್ಲಿ ಆರು. ಒಂದೇ ಮಗುವಿಗೆ ಎರಡು ಬೇರೆ ಪ್ಯಾರಾ ಕೊಟ್ಟಾಗ ಪದದ ಲೆಕ್ಕ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದದ್ದನ್ನು ನೋಡಿದ್ದೇನೆ. ಅಕ್ಷರದ ಲೆಕ್ಕ ಅಷ್ಟೇನೂ ಬದಲಾಗಿರಲಿಲ್ಲ. ಮೂರನೇ ಇಯತ್ತೆ ಮುಗಿಸಿದ, ಸರಾಗ ಓದುವ ನಮ್ಮ ಕಡೆಯ ಮಕ್ಕಳು ನಿಮಿಷಕ್ಕೆ ಸುಮಾರು 150ರಿಂದ 180 ಅಕ್ಷರ ಓದುತ್ತಾರೆ ಅನ್ನುವುದು ನನ್ನ ನೆನಪು. ಫೋನಲ್ಲಿ ರೆಕಾರ್ಡ್ ಮಾಡಿ, ಮಗು ಆಡಲಿಕ್ಕೆ ಹೋದ ಮೇಲೆ ಎಣಿಸಿ. ಎದುರಿಗೆ ಗಡಿಯಾರ ಹಿಡಿದರೆ ಮಗು ಓಡುತ್ತದೆ, ಓದುವುದಿಲ್ಲ.

ಇನ್ನು ತಪ್ಪು ಹಿಡಿಯುವ ವಿಷಯ. ಇಲ್ಲೇ ಜಾಸ್ತಿ ಅನ್ಯಾಯ ಆಗುವುದು. ಹಾಳೆಯಲ್ಲಿ "ಅವಳು ಮನೆಗೆ ಹೋಗುತ್ತಾಳೆ" ಅಂತಿದೆ. ಮಗು "ಅಕಿ ಮನಿಗೆ ಹೋಗ್ತಾಳ" ಅಂತ ಓದಿತು. ಕೆಲವರು ಇದಕ್ಕೆ ಮೂರು ತಪ್ಪು ಹಾಕುತ್ತಾರೆ. ನಾನು ಒಂದೂ ಹಾಕುವುದಿಲ್ಲ. ಅರ್ಥ ತಲೆಗೆ ಹೋಗಿ, ಮನೆಯ ಮಾತಾಗಿ ಬಾಯಿಂದ ಹೊರಗೆ ಬಂದಿದೆ, ಅದು ಒಳ್ಳೆಯ ಓದುಗರ ಲಕ್ಷಣ. "ಮನಗೆ ಹೊಗತಳೆ" ಅಂತ ಓದಿದರೆ ಅದು ತಪ್ಪು, ಯಾಕೆಂದರೆ ಹಾಗೆ ನಮ್ಮಲ್ಲಿ ಯಾರೂ ಮಾತಾಡುವುದಿಲ್ಲ. ಈ ವ್ಯತ್ಯಾಸ ಕೇಳಿಸಿಕೊಳ್ಳುವ ಕಿವಿ ನಮಗೆ ಇರಬೇಕು. ಧಾರವಾಡ, ಗದಗ, ಹಾವೇರಿ ಮಕ್ಕಳನ್ನು ಬೆಂಗಳೂರಿನ ಕಿವಿಯಿಂದ ಅಳೆದರೆ ಎಲ್ಲರೂ ಒಂದು ಇಯತ್ತೆ ಕೆಳಗೆ ಬೀಳುತ್ತಾರೆ.

ತಪ್ಪುಗಳ ಪಟ್ಟಿ ನೋಡಿದರೆ ಮಗು ಎಲ್ಲಿಂದ ಬಂದಿದೆ ಅಂತ ಗೊತ್ತಾಗುತ್ತದೆ. ನಮ್ಮ ಹುಡುಗಿಗೆ ಕೊಡು, ಕೋಡು ಎರಡೂ ಒಂದೇ. ಬೆಲೆ ಅನ್ನುವುದನ್ನು ಬೇಲೆ ಅನ್ನುತ್ತಿದ್ದಳು. ಮರಾಠಿ ಬರವಣಿಗೆಯಲ್ಲಿ ಎ-ಏ, ಒ-ಓ ಅಂತ ಬೇರೆಬೇರೆ ಇಲ್ಲವಲ್ಲ, ಅದಕ್ಕೆ. ಇತ್ತ ಹುಬ್ಬಳ್ಳಿ ಮಕ್ಕಳು ತಿಣುಕುವ ಅರ್ಕಾವತ್ತು ಅವಳಿಗೆ ನೀರು ಕುಡಿದಷ್ಟು ಸುಲಭ. ಇಲ್ಲಿಯವರು ಸೂರ್ಯ ಅನ್ನುವುದನ್ನು "ಸೂಯರ್" ಅಂತ ಓದುತ್ತಾರೆ. ಅವಳು ಒಮ್ಮೆ ಹೇಳಿಕೊಟ್ಟದ್ದಕ್ಕೇ ಹಿಡಿದಳು. "ಮರಾಠಿಯಾಗೂ ಹಂಗ ಐತಿ ಚಿಗವ್ವ, ರ ಮುಂದಿನ ಅಕ್ಷರದ ತಲಿ ಮ್ಯಾಲ ಕುಂತಿರ್ತದ" ಅಂದಳು. ಕಲಿಸಬೇಕಾದ್ದು ಇಷ್ಟೇ ಅಂತ ಆಗ ಖಾತ್ರಿಯಾಯಿತು: ಬಳ್ಳಿಯಲ್ಲಿ (ಕಾಗುಣಿತದಲ್ಲಿ) ಹ್ರಸ್ವ ದೀರ್ಘ, ಆಮೇಲೆ ಒತ್ತಕ್ಷರ.

ನಡುವೆ ಇನ್ನೂ ಒಂದೆರಡು ಮಾಡಿ ನೋಡಿದೆ. ಚಿಗರಿ ಬಸ್ಸಿನಲ್ಲಿ ಧಾರವಾಡಕ್ಕೆ ಹೋಗುವಾಗ ಅಂಗಡಿ ಬೋರ್ಡ್ ಓದಿಸಿದೆ. ಅಳತೆಗೆ ಉಪಯೋಗವಿಲ್ಲ, ಬಸ್ಸು ನಿಲ್ಲುವುದರೊಳಗೆ ಬೋರ್ಡ್ ಹಿಂದೆ ಹೋಗಿರುತ್ತದೆ. ಆದರೆ ಹುಡುಗಿಗೆ ಹುಚ್ಚು ಹಿಡಿದ ಹಾಗೆ ಓದುವ ಚಟ ಹತ್ತಿತು. ಇನ್ನೊಂದು, ಕೂಡಿಸಿ ಬರೆದ ಪದಗಳನ್ನು ಬಿಡಿಸಿ ಬರೆದೆ. ಮನೆಯಲ್ಲಿದ್ದಾನೆ ಅನ್ನುವುದನ್ನು ಮನೆಯಲ್ಲಿ ಇದ್ದಾನೆ ಅಂತ. ಅದೇ ಪ್ಯಾರಾದಲ್ಲಿ ತಪ್ಪು ಮೂರನೇ ಒಂದು ಪಾಲು ಕಡಿಮೆಯಾಯಿತು. ಚಿಕ್ಕ ಮಕ್ಕಳ ಪುಸ್ತಕ ಬರೆಯುವವರು ಇದನ್ನು ಗಮನಿಸಿದರೆ ಪುಣ್ಯ ಬರುತ್ತದೆ. ದೊಡ್ಡ ಅಕ್ಷರ, ಬಣ್ಣದ ಹಾಳೆ ಇವುಗಳಿಂದ ಹೇಳಿಕೊಳ್ಳುವಂಥ ಫರಕು ಕಾಣಲಿಲ್ಲ.

ಎರಡನೇ ಶಾಲೆಗೆ ಹೋದಾಗ ನನ್ನ ಕೈಯಲ್ಲಿ ಎರಡು ಹಾಳೆ ಇದ್ದವು, ಒಂದು ಕಿವಿಯದು, ಒಂದು ಕಣ್ಣಿನದು. ಹೆಡ್‌ ಮಾಸ್ತರರು, "ಓದಾಕ ಬರದ ಹುಡುಗೀನ್ನ ನಾಲ್ಕನೇ ಇಯತ್ತೆಗೆ ತಗೊಂಡು ನಾ ಏನ ಮಾಡ್ಲಿ ಅಕ್ಕೋರ?" ಅಂದರು. 2009ರ ಶಿಕ್ಷಣ ಹಕ್ಕು ಕಾಯ್ದೆಯ ನಾಲ್ಕನೇ ಸೆಕ್ಷನ್ ನೆನಪಿಸಿದೆ. ಶಾಲೆ ಬಿಟ್ಟ ಮಗುವನ್ನು ವಯಸ್ಸಿಗೆ ತಕ್ಕ ಇಯತ್ತೆಗೇ ಸೇರಿಸಬೇಕು, ಹಿಂದುಳಿದದ್ದಕ್ಕೆ ವಿಶೇಷ ತರಬೇತಿ ಕೊಡಬೇಕು ಅಂತ ಅದರಲ್ಲೇ ಇದೆ. ಪ್ರವೇಶಕ್ಕೆ ಪರೀಕ್ಷೆ ಮಾಡುವಂತಿಲ್ಲ ಅಂತ ಹದಿಮೂರನೇ ಸೆಕ್ಷನ್ ಹೇಳುತ್ತದೆ. ಕಾಯ್ದೆ ಅವರಿಗೂ ಗೊತ್ತಿತ್ತು. ಅವರ ಮನಸ್ಸು ಕರಗಿದ್ದು ಕಾಯ್ದೆಗಲ್ಲ, ಮೆಣಸಿನಕಾಯಿ ಕಥೆಯ ರೆಕಾರ್ಡಿಂಗ್ ಕೇಳಿದ ಮೇಲೆ. ಸೇರಿಸಿಕೊಂಡರು. ಒಂದು ವಿಷಯದಲ್ಲಿ ಹುಷಾರಾಗಿರಿ: ಈ ಹಾಳೆ ನಮ್ಮ ಕೈಯಲ್ಲಿ ಮಗುವಿನ ಪರವಾಗಿ ಮಾತಾಡಲಿಕ್ಕೆ ಇರಬೇಕು. ಮಗುವನ್ನು ಹೊರಗಿಡಲಿಕ್ಕೆ ಯಾರ ಕೈಗೂ ಕೊಡಬೇಡಿ.

ದಿನಾ ಸಂಜೆ ಅರ್ಧ ತಾಸು ಕೂರಿಸಿಕೊಂಡೆ. ದಸರಾ ಹೊತ್ತಿಗೆ ಒಂದನೇ ಇಯತ್ತೆಯ ಪ್ಯಾರಾ ದಾಟಿದಳು. ಸಂಕ್ರಾಂತಿಗೆ ಅಸರ್ ಕಥೆ ಮುಗಿಸಿ ಸ್ಟೋರಿವೀವರ್ ಅನ್ನುವ ಮಕ್ಕಳ ಕಥೆಗಳ ವೆಬ್‌ಸೈಟಿನ ಎರಡನೇ ಹಂತದ ಕಥೆಗಳನ್ನು ತಾನೇ ಓದುತ್ತಿದ್ದಳು. ಮಾರ್ಚ್‌ನಲ್ಲಿ ಅಳೆದಾಗ ನಿಮಿಷಕ್ಕೆ 140ರ ಆಸುಪಾಸು ಅಕ್ಷರ. ಎರಡನೇ ಇಯತ್ತೆಗೆ ಹಾಕಿ ಅಂದ ಬಂಧುಗಳ ಮುಂದೆ ಯುಗಾದಿ ದಿನ ಪೇಪರ್ ಓದಿದಳು. ನನ್ನ ಸಾಮಾನಿನ ಒಟ್ಟು ಖರ್ಚು ಝೆರಾಕ್ಸ್, ಫೈಲ್, ರಟ್ಟು ಎಲ್ಲ ಸೇರಿ ಮುನ್ನೂರೈವತ್ತು ದಾಟಿಲ್ಲ.

ಉಲ್ಟಾ ಕೇಸೂ ಬರುತ್ತದೆ. ವಿದ್ಯಾನಗರದಿಂದ ಒಬ್ಬ ಹುಡುಗ ಬಂದಿದ್ದ, ಇಂಗ್ಲಿಷ್ ಮೀಡಿಯಂ, ಐದನೇ ಇಯತ್ತೆ. ಇಂಗ್ಲಿಷ್ ಪಟಪಟ ಓದುತ್ತಾನೆ, ಓದಿದ ಒಂದು ಸಾಲಿನ ಅರ್ಥ ಕೇಳಿದರೆ ಗಪ್‌ಚಿಪ್. ಅದೇ ಕಥೆ ಇಂಗ್ಲಿಷ್‌ನಲ್ಲಿ ಓದಿ ಹೇಳಿದರೂ ಅಷ್ಟೇ. ಕಣ್ಣು ಐದನೇದು, ಕಿವಿ ಎರಡನೇದು. ಅವನ ತಾಯಿಗೆ ನಂಬಿಕೆಯೇ ಬರಲಿಲ್ಲ, ನೂರಕ್ಕೆ ತೊಂಬತ್ತು ಅಂಕ ತೆಗೆಯುವ ಮಗ. ಇಯತ್ತೆ ಬದಲಾಯಿಸುವುದು ಬೇಡ, ಓದಿಸುವುದನ್ನು ನಿಲ್ಲಿಸಿ ದಿನಾ ಮಲಗುವ ಮುಂಚೆ ನೀವೇ ಓದಿ ಹೇಳಿ ಅಂದೆ. ಮೊದಲು ಕನ್ನಡದಲ್ಲಿ, ಆಮೇಲೆ ಇಂಗ್ಲಿಷ್‌ನಲ್ಲಿ. ಈಗ ಮಾತಿಗೆ ಮಾತು ಕೊಡುತ್ತಾನೆ.

ಮತ್ತೆ ಅಳೆಯುವವರು ಅದೇ ಪ್ಯಾರಾವನ್ನು ಮೂರು ತಿಂಗಳೊಳಗೆ ತೆಗೆಯಬೇಡಿ, ಮಕ್ಕಳಿಗೆ ನೆನಪಿರುತ್ತದೆ. ಪ್ರತಿ ಮಟ್ಟಕ್ಕೆ ಮೂರಾದರೂ ಪ್ಯಾರಾ ಬರೆದಿಟ್ಟುಕೊಳ್ಳಿ. ನಾನು ಈಗ ಆರು, ಏಳನೇ ಇಯತ್ತೆಗೆ ಬರೆಯುತ್ತಿದ್ದೇನೆ. ಕಥೆ ಸುಲಭ, ವಿಜ್ಞಾನದ ಪ್ಯಾರಾಗಳೇ ಕೈಗೆ ಹತ್ತುತ್ತಿಲ್ಲ. ಯಾರಾದರೂ ಮಾಡಿದ್ದರೆ ಕೊಡಿ, ಬದಲಿಗೆ ನನ್ನ ಕಿವಿಯ ಕಥೆಗಳನ್ನು ಕೊಡುತ್ತೇನೆ.