ರ‍್ಯಾಮ್ ತೆಗೆದು ಹಾಕಿದ ಮೇಲೆ ಪರದೆ ಕಪ್ಪು

ಉಡುಪಿಯ ಮಳೆಗಾಲ ಗೊತ್ತಲ್ವಾ, ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ಧೂಳು ಒರೆಸೋಣ ಅಂತ ಡೆಸ್ಕ್‌ಟಾಪ್‌ನ ಎರಡೂ 8 ಜಿಬಿ ರ‍್ಯಾಮ್ (ಮೆಮೊರಿ ಪಟ್ಟಿ) ತೆಗೆದು ಮತ್ತೆ ಹಾಕಿದೆ. ಫ್ಯಾನ್ ತಿರುಗಿತು, ಪರದೆ ಮಾತ್ರ ಕಪ್ಪು. ಮದರ್‌ಬೋರ್ಡೇ ಹೋಯಿತು ಅಂತ ಸುಮ್ನೆ ಹೆದರಿದೆ. ಅಂಗಡಿಯವರೂ ಫೋನಿನಲ್ಲಿ ಹಾಗೇ ಅಂದರು, ನೋಡದೆಯೇ!

ಪ್ಲಗ್ ಕಿತ್ತು, ಉಳಿದ ಕರೆಂಟ್ ಹೋಗಲಿ ಅಂತ ಪವರ್ ಬಟನ್ ಒತ್ತಿ ಹಿಡಿದೆ. ರ‍್ಯಾಮ್‌ನ ಚಿನ್ನದ ಬಣ್ಣದ ಅಂಚು ಮಂಕಾಗಿತ್ತು. ಮಗಳ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿದೆ. ಒಂದನ್ನು ಮಾತ್ರ, ಪ್ರೊಸೆಸರ್ ಕಡೆಯಿಂದ ಎರಡನೇ ಸ್ಲಾಟಿಗೆ, ಕಚ್ಚು ಸರಿಹೊಂದಿಸಿ ಒತ್ತಿದೆ. ಟಕ್ ಅಂದಿತು. ಮೊದಲ ಸಲ ಈ ಸದ್ದು ಬಂದೇ ಇರಲಿಲ್ಲ! ಒಂದು ತುದಿ ಅರ್ಧಕ್ಕೇ ನಿಂತಿತ್ತು, ಕಣ್ಣಿಗೆ ಮಾತ್ರ ಸರಿಯಾಗೇ ಕಂಡಿತ್ತು. ಬೂಟ್ ಆಯಿತು. ಆಫ್ ಮಾಡಿ ಇನ್ನೊಂದನ್ನು ನಾಲ್ಕನೆಯದಕ್ಕೆ ಹಾಕಿದೆ. 16 ಜಿಬಿ ತೋರಿಸಿತು.