ಅಟ್ಟದ ಕ್ಯಾಸೆಟ್ಟಿನಿಂದ ನಿಧಾನದ ನಾದ

ಅಟ್ಟದ ಮೇಲಿನ ಟ್ರಂಕಿನಲ್ಲಿ ಹಳೆಯ ಕ್ಯಾಸೆಟ್‌ಗಳಿದ್ದರೆ ಇವತ್ತೇ ಕೆಳಗಿಳಿಸಿ; ಅವುಗಳಲ್ಲಿರುವ ದನಿಗಳಿಂದ ಮನೆಯಲ್ಲೇ ಸಂಗೀತ ಕಟ್ಟಬಹುದು. ಸ್ಕಾಟ್ಲೆಂಡಿನ ಅಣ್ಣ ತಮ್ಮಂದಿರಿಬ್ಬರ ತಂಡ ಬೋರ್ಡ್ಸ್ ಆಫ್ ಕೆನಡಾ. ಅವರು 1998ರಲ್ಲಿ ತಂದ ಆಲ್ಬಂ ಕೇಳಿದಾಗಿನಿಂದ ಮಂದಗತಿಯ ಎಲೆಕ್ಟ್ರಾನಿಕ್ ಸಂಗೀತ ನನ್ನನ್ನು ಬಿಟ್ಟಿಲ್ಲ. ಕೆನಡಾದ ರಾಷ್ಟ್ರೀಯ ಚಲನಚಿತ್ರ ಮಂಡಳಿಯ ಸಾಕ್ಷ್ಯಚಿತ್ರಗಳನ್ನು ನೋಡಿ ಬೆಳೆದ ಅವರು ತಂಡದ ಹೆಸರನ್ನೂ ಅದರಿಂದಲೇ ಆರಿಸಿಕೊಂಡರು; ‘ಬೋರ್ಡ್’ ಎಂದರೆ ಮಂಡಳಿ. ಧಾರವಾಡದ ನಮಗೆ ಆಕಾಶವಾಣಿಯಿದೆ, ಹಂಚಿನ ಮೇಲೆ ಬೀಳುವ ಜಿಟಿಜಿಟಿ ಮಳೆಯಿದೆ. ಕಟ್ಟುವ ಬಗೆಯನ್ನು ಅವರಿಂದ ಕಲಿಯಿರಿ, ಸದ್ದು ನಿಮ್ಮ ಮನೆಯದೇ ಇರಲಿ.

ಮೊದಲ ಕೆಲಸ ಸದ್ದು ಕೂಡಿಡುವುದು. ಮಳೆ, ಶಾಲೆ ಬಿಡುವ ಗಂಟೆ, ಮಕ್ಕಳ ಗಲಾಟೆಗೆ ಮೊಬೈಲ್ ಸಾಕು. ಕ್ಯಾಸೆಟ್ಟಿನ ವಿಷಯದಲ್ಲಿ ಮಾತ್ರ ಅವಸರ ಬೇಡ. ವರ್ಷಗಟ್ಟಲೆ ಬಿದ್ದಿದ್ದ ರೀಲು ಸಡಿಲಾಗಿರುತ್ತದೆ. ಹಲ್ಲುಗಳಿರುವ ತೂತಿಗೆ ಪೆನ್ಸಿಲ್ ತೂರಿಸಿ, ಮೆಲ್ಲಗೆ ತಿರುಗಿಸಿ ಬಿಗಿ ಮಾಡಿ, ಆಮೇಲೆ ಪ್ಲೇಯರಿಗೆ ಹಾಕಿ. ಇದನ್ನು ಮಾಡದೆ ನಮ್ಮ ತಂದೆಯವರ ದನಿಯಿದ್ದ ಕ್ಯಾಸೆಟ್ಟೊಂದನ್ನು ನಾನು ಕಳೆದುಕೊಂಡೆ. ಪ್ಲೇಯರಿನ ಹೆಡ್‌ಫೋನ್ ತೂತಿನಿಂದ ಕಂಪ್ಯೂಟರಿಗೆ ವೈರು ಎಳೆದು, ಉಚಿತವಾಗಿ ಸಿಗುವ ಆಡಾಸಿಟಿ ಎಂಬ ತಂತ್ರಾಂಶದಲ್ಲಿ ಮುದ್ರಿಸಿಕೊಳ್ಳಿ.

ಇನ್ನು ಸ್ವರ. ಕಂಪ್ಯೂಟರಿನಲ್ಲಿ ಸಂಗೀತ ಕಟ್ಟುವ ಎಲ್‌ಎಂಎಂಎಸ್ ಎಂಬ ತಂತ್ರಾಂಶವೂ ಉಚಿತ. ಅದರಲ್ಲಿ ಟ್ರಿಪಲ್ ಆಸಿಲೇಟರ್ ಎಂಬ ವಾದ್ಯವಿದೆ; ನಾದ ಹುಟ್ಟಿಸುವ ಘಟಕವೇ ಆಸಿಲೇಟರ್, ಇದರಲ್ಲಿ ಅಂಥವು ಮೂರು. ಇಲ್ಲಿ ನಮ್ಮ ಊರಿನ ಕಿವಿ ನೆರವಿಗೆ ಬರುತ್ತದೆ. ತಂಬೂರಿಯ ಜೋಡಿ ತಂತಿಗಳನ್ನು ಶ್ರುತಿ ಮಾಡುವುದನ್ನು ಹತ್ತಿರ ಕುಳಿತು ಕೇಳಿದ್ದೀರಾ? ಎರಡೂ ಒಂದಾಗುವ ಮುನ್ನ ನಾದ ಅಲೆಅಲೆಯಾಗಿ ಏರಿಳಿಯುತ್ತದೆ. ಒಂದು ತಂತಿ 220 ಹರ್ಟ್ಜ್ (ಸೆಕೆಂಡಿಗೆ 220 ಕಂಪನ), ಇನ್ನೊಂದು 221 ಆದರೆ ಸೆಕೆಂಡಿಗೆ ಒಂದು ಅಲೆ. ಸ್ವರಗಳ ಅಂತರ ಅಳೆಯುವ ಮಾನವಾದ ಸೆಂಟ್‌ನಲ್ಲಿ ಹೇಳುವುದಾದರೆ ಈ ಅಂತರ ಹೆಚ್ಚುಕಡಿಮೆ 8 ಸೆಂಟ್. ಒಂದು ಅರ್ಧಸ್ವರಕ್ಕೆ (ಹಾರ್ಮೋನಿಯಂನ ಅಕ್ಕಪಕ್ಕದ ಎರಡು ಮನೆಗಳ ಅಂತರಕ್ಕೆ) 100 ಸೆಂಟ್ ಎಂದ ಮೇಲೆ ಇದೆಷ್ಟು ಸಣ್ಣದೆಂದು ನೋಡಿ. ವಾದ್ಯದ ಎರಡು ಆಸಿಲೇಟರುಗಳ ನಡುವೆ ಅಷ್ಟೇ ಅಂತರ ಇಟ್ಟು ಒಂದು ಸ್ವರವನ್ನು ಒತ್ತಿ ಹಿಡಿಯಿರಿ. ಗಾಯಕರು ಒಂದು ಮಾಡಲು ಶ್ರಮಿಸುವ ತಂತಿಗಳನ್ನು ನಾವು ಬೇಕೆಂದೇ ಕೂದಲೆಳೆಯಷ್ಟು ದೂರ ಇಡುತ್ತೇವೆ. ಈ ಸಂಗೀತದ ಜೀವ ಇರುವುದು ಆ ಎಳೆಯಲ್ಲೇ.

ಅದರ ಮೇಲೆ ಕ್ಯಾಸೆಟ್ಟಿನ ಓಲಾಟ ಸೇರಬೇಕು. ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡಬೇಕು. ಪ್ಲೇಯರಿನ ಬೆಲ್ಟು ಸವೆದಾಗ ವೇಗ ಏರುಪೇರಾಗಿ ಸ್ವರ ತೇಲುತ್ತದೆ. ಅದನ್ನು ತರಲು ಗುಂಡಿಯನ್ನು ತಾನಾಗಿಯೇ ನಿಧಾನಕ್ಕೆ ಏರಿಸಿ ಇಳಿಸುವ ಎಲ್‌ಎಫ್‌ಒ ಕಂಟ್ರೋಲರನ್ನು ವಾದ್ಯದ ಪಿಚ್ (ಸ್ವರದ ಎತ್ತರ) ಗುಂಡಿಗೆ ಜೋಡಿಸಿ. ಎರಡು ಸೆಕೆಂಡಿಗೊಂದು ಸುತ್ತು, ಹತ್ತು ಸೆಂಟ್ ಏರಿಳಿತ ಸಾಕು. ಮೂವತ್ತು ದಾಟಿದರೆ ಕೇಳುವವರ ತಲೆ ತಿರುಗುತ್ತದೆ.

ರಾಗದ ಎಳೆ ಚಿಕ್ಕದಿರಲಿ: ನಾಲ್ಕೈದು ಸ್ವರ, ಮತ್ತೆ ಮತ್ತೆ ಅದೇ. ಗತಿ ನಿಮಿಷಕ್ಕೆ 80ರಿಂದ 95 ಬಡಿತ. ಡ್ರಮ್ ಹಿಂದೆಯೇ ಉಳಿಯಲಿ. ಕೊನೆಗೆ ಲೋ ಪಾಸ್ ಫಿಲ್ಟರಿನಿಂದ 6,000 ಹರ್ಟ್ಜ್ ಮೇಲಿನ ಹೊಳಪನ್ನು ಇಳಿಸಿ. ಮಾತಿನ ತುಣುಕುಗಳಿಗೆ 4,000ಕ್ಕೇ ಇಳಿಸಿದರೆ ಪಕ್ಕದ ಕೋಣೆಯ ರೇಡಿಯೊ ಕೇಳಿದಂತಾಗುತ್ತದೆ. ಮಳೆಯ ಸದ್ದನ್ನು ಎಲ್ಲದರ ಅಡಿಯಲ್ಲಿ, ಕೇಳಿಯೂ ಕೇಳದಷ್ಟು ಸಣ್ಣಗೆ ಹಾಸಿ.

ಕ್ಯಾಸೆಟ್ಟಿನಿಂದ ತೆಗೆದ ಮೂಲ ಮುದ್ರಣಕ್ಕೆ ಮಾತ್ರ ಕೈ ಹಚ್ಚಬೇಡಿ. ಮಾತನಾಡಿದವರ ಹೆಸರು, ದಿನಾಂಕ ಬರೆದು ಬೇರೆ ಫೋಲ್ಡರಿನಲ್ಲಿ ಇಡಿ. ತಿದ್ದುವುದೆಲ್ಲ ಪ್ರತಿಯ ಮೇಲೆ.